ಸೋಮವಾರದ ಕಾಲುಚೀಲ

ಚೂಟಿಯ ಅಮ್ಮನ ಮೂಗು ಕೈಕೊಟ್ಟು ಆ ಭಾನುವಾರಕ್ಕೆ ಇಪ್ಪತ್ತೆರಡು ದಿನವಾಗಿತ್ತು. ಬೇರೆ ಯಾರದಾದರೂ ಮೂಗಾಗಿದ್ದರೆ ಅದೊಂದು ದೊಡ್ಡ ಸುದ್ದಿಯೇನಲ್ಲ. ಮೂಗಿದ್ದೂ ಏನನ್ನೂ ಮೂಸದೆ, ಬರೀ ಮುರಿಯುವುದಕ್ಕೆ ಮತ್ತು ತೂರಿಸುವುದಕ್ಕೆ ಅದನ್ನು ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆದರೆ ಇವಳದು ಸಂಬಳ ತರುವ ಮೂಗು. ಚಹಾಪುಡಿ ಕಂಪನಿಯೊಂದರಲ್ಲಿ ಚಹಾದ ರುಚಿ ನೋಡುವುದು ಅವಳ ಕೆಲಸ. ದಿನಾ ಬೆಳಿಗ್ಗೆ ಉದ್ದನೆಯ ಮೇಜಿನ ಮೇಲೆ ಅರವತ್ತೋ ಎಪ್ಪತ್ತೋ ಬಿಳಿ ಬಟ್ಟಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದೊಂದರಿಂದಲೂ ಒಂದು ಚಮಚ ಎತ್ತಿ, ಪಕ್ಕದ ಕೋಣೆಗೂ ಕೇಳುವಷ್ಟು ಜೋರಾಗಿ ಸುರ್ರೆಂದು ಎಳೆದುಕೊಂಡು, ಬಾಯಲ್ಲಿ ಆಡಿಸಿ, ತಗಡಿನ ಡಬ್ಬಕ್ಕೆ ಉಗುಳಿ, ಇದು ಮೊದಲನೇ ದರ್ಜೆಯದು, ಇದಕ್ಕೆ ಹೊಗೆ ಹಿಡಿದಿದೆ, ಇದನ್ನು ಒಣಗಿಸಿದವನಿಗೆ ಮನೆಗೆ ಹೋಗುವ ಆತುರವಿತ್ತು ಎಂದು ಹೇಳಬೇಕು. ಜನ ಇದನ್ನು ನಾಲಿಗೆಯ ಕೆಲಸ ಅಂದುಕೊಂಡಿದ್ದಾರೆ. ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ನಾಲ್ಕೈದು ವಿಷಯ ಅಷ್ಟೇ. ಉಳಿದದ್ದೆಲ್ಲ ಮೂಗಿನದು. ಮೂಗು ಹೋದ ಮೇಲೆ ಆ ಎಪ್ಪತ್ತು ಬಟ್ಟಲಲ್ಲಿ ಅವಳ ಪಾಲಿಗೆ ಇದ್ದದ್ದು ಬಣ್ಣದ ಬಿಸಿನೀರು.

ಆದದ್ದಿಷ್ಟೆ. ಮೂರು ದಿನ ನೆಗಡಿಯಾಯಿತು. ನಾಲ್ಕನೇ ದಿನ ನೆಗಡಿ ಹೊರಟಿತು, ಹೋಗುವಾಗ ವಾಸನೆಯನ್ನೂ ಕಂಕುಳಲ್ಲಿ ಇರುಕಿಕೊಂಡು ಹೋಯಿತು. ಡಾಕ್ಟರು ಮೂಗಿನೊಳಗೆ ಟಾರ್ಚು ಬಿಟ್ಟು ನೋಡಿ, ಬಂದರೂ ಬರಬಹುದು, ಬರದೆಯೂ ಇರಬಹುದು, ಕಾದು ನೋಡಿ ಎಂದರು. ಇಷ್ಟನ್ನು ಹೇಳುವುದಕ್ಕೆ ಅಷ್ಟು ವರ್ಷ ಓದಬೇಕಿತ್ತೆ ಎಂದು ಚೂಟಿಯ ಅಮ್ಮನಿಗೆ ಅನ್ನಿಸಿತು.

ಅವಳು ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಲಿಲ್ಲ, ಅವನು ರೈಲಿನ ಎಂಜಿನ್ ಓಡಿಸುವವನು, ವಾರಕ್ಕೆ ಮೂರು ದಿನ ಮಾತ್ರ ಮನೆಗೆ ಬರುವವನು, ಹೇಳಿದ್ದರೆ ಆ ಮೂರು ದಿನವೂ ಊರಿಗೆಲ್ಲ ಕೇಳುವ ಹಾಗೆ ಗಾಬರಿಯಾಗುತ್ತಿದ್ದ. ಕಂಪನಿಯ ಹಿರಿಯ ರುಚಿಗಾರರಿಗಂತೂ ಹೇಳುವ ಧೈರ್ಯವೇ ಬರಲಿಲ್ಲ. ಅವರನ್ನು ರುಚಿ ನೋಡುವ ಕೋಣೆಯವರೆಲ್ಲ ತಾತ ಎಂದೇ ಕರೆಯುತ್ತಿದ್ದರು. ಹೊಗಳಿಕೆಯ ವಿಷಯದಲ್ಲಿ ತಾತ ಮಹಾ ಜಿಪುಣರು. ಹದಿನಾಲ್ಕು ವರ್ಷದ ಹಿಂದೆ ಕೆಲಸ ಕೇಳಿಕೊಂಡು ಬಂದ ನಲವತ್ತು ಜನರಲ್ಲಿ ಇವಳೊಬ್ಬಳನ್ನು ಆರಿಸಿಕೊಂಡ ದಿನ, ಈ ಮೂಗನ್ನು ಕಾಪಾಡಿಕೋ ಎಂದಿದ್ದರು. ಅದೇ ಮೊದಲು, ಅದೇ ಕೊನೆ. ಅವಳು ಕಾಪಾಡಿಕೊಂಡೂ ಇದ್ದಳು. ಮನೆಯಲ್ಲಿ ಘಮಘಮ ಸೋಪಿಲ್ಲ, ಪೌಡರಿಲ್ಲ, ಕೆಲಸದ ದಿನ ಊಟದಲ್ಲಿ ಹಸಿ ಈರುಳ್ಳಿಯಿಲ್ಲ. ಇಷ್ಟೆಲ್ಲ ಮಾಡಿ ಕೊನೆಗೆ ಒಂದು ನೆಗಡಿಯ ಕೈಯಲ್ಲಿ ಸೋತಳು.

ಹೇಗೋ ನಿಭಾಯಿಸಿದಳು. ಆ ಕೆಲಸದಲ್ಲಿ ಅರ್ಧ ಕಣ್ಣಿನದೂ ಹೌದು. ಬಟ್ಟಲಿನ ಬಣ್ಣ, ಅಂಚಿನ ಹೊಳಪು, ನೀರಲ್ಲಿ ಎಲೆ ಬಿಚ್ಚಿಕೊಂಡ ರೀತಿ ನೋಡಿಯೇ ಬಹಳಷ್ಟನ್ನು ಹೇಳಬಹುದು. ಉಳಿದದ್ದಕ್ಕೆ ತಾತನ ಎಡಹುಬ್ಬು ಇತ್ತು. ಚಹಾ ಕೆಟ್ಟದಾಗಿದ್ದರೆ ಅದು ಒಂದು ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡಿ ಬರೆಯುವ ಹುಡುಗಿಯ ಹಾಗೆ, ಮೂವತ್ತೆಂಟು ವರ್ಷದ ಹೆಂಗಸು ದಿನಾ ಆ ಹುಬ್ಬನ್ನು ಕದ್ದು ನೋಡುತ್ತ ಬಂದಳು.

ಆದರೆ ಆ ಭಾನುವಾರದ ಹಿಂದಿನ ಮಂಗಳವಾರ ತಾತ ರಜೆಯಲ್ಲಿದ್ದರು. ಹದಿನೇಳನೇ ಲಾಟಿನ, ಎಂದರೆ ಒಟ್ಟಿಗೆ ಬಂದ ಒಂದು ಕಂತು ಪೆಟ್ಟಿಗೆಗಳ, ಬಟ್ಟಲ ಮುಂದೆ ಅವಳೊಬ್ಬಳೇ ನಿಂತಳು. ಬಣ್ಣ ತಿಕ್ಕಿ ತೊಳೆದ ತಾಮ್ರದಂತಿತ್ತು, ಎಲೆ ಚೆನ್ನಾಗಿ ಬಿಚ್ಚಿಕೊಂಡಿತ್ತು. ಸುರ್ರೆಂದಳು, ಉಗುಳಿದಳು, ಮೊದಲನೇ ದರ್ಜೆ ಎಂದು ಬರೆದು ಸಹಿ ಹಾಕಿದಳು.

ಶುಕ್ರವಾರ ಸಂಜೆ ಮನೆಗೆ ಹೊರಡುವಾಗ ಗೋದಾಮು ನೋಡಿಕೊಳ್ಳುವವನು ಸಿಕ್ಕಿ ಬೆನ್ನುನೋವಿನ ಕಥೆ ಶುರು ಮಾಡಿದ. ಅದೇ ಕಂಪನಿ ಬಟ್ಟೆ ಸೋಪನ್ನೂ ಮಾರುತ್ತಿತ್ತು. ಸೋಪಿನ ಗೋದಾಮಿನ ನೆಲ ಅಗೆದಿದ್ದರಿಂದ ಹೋದ ವಾರದ ಕೊನೆಗೆ ಯಾರೋ ಸೋಪಿನ ಪೆಟ್ಟಿಗೆಗಳನ್ನು ತಂದು ಹದಿನೇಳನೇ ಲಾಟಿನ ಪಕ್ಕಕ್ಕೇ ಪೇರಿಸಿಬಿಟ್ಟಿದ್ದರಂತೆ. ಎರಡು ದಿನ ಹಾಗೇ ಇತ್ತಂತೆ. ಸೋಮವಾರ ಬಂದು ನೋಡಿ, ತಾತನಿಗೆ ಗೊತ್ತಾದರೆ ತಲೆ ಉಳಿಯುವುದಿಲ್ಲವೆಂದು ಅಷ್ಟನ್ನೂ ತಾನೊಬ್ಬನೇ ಹೊತ್ತು ಸಾಗಿಸಿದನಂತೆ. ಸದ್ಯ, ನೀವು ನೋಡಿ ಪಾಸ್ ಮಾಡಿದ್ದೀರಲ್ಲ ಮೇಡಂ, ಅಂದ ಮೇಲೆ ಏನೂ ಆಗಿಲ್ಲ ಬಿಡಿ ಎಂದು ನಕ್ಕ.

ಚೂಟಿಯ ಅಮ್ಮ ನಗಲಿಲ್ಲ. ಚಹಾ ಎಂಬುದು ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟು ಕೂತವರ ಹಾಗೆ. ಹತ್ತಿರ ಯಾವ ವಾಸನೆ ಸುಳಿದರೂ ಬಿಡದೆ ಒಳಗೆಳೆದುಕೊಳ್ಳುತ್ತದೆ. ಎರಡು ದಿನ ಸೋಪಿನ ಪಕ್ಕ ಕೂತ ಚಹಾ ಸೋಪಿನ ನೀರೇ ಆಗಿರಬಹುದು. ವಿಚಾರಿಸಿದಾಗ ಗೊತ್ತಾಯಿತು: ಇನ್ನೂರು ಪೆಟ್ಟಿಗೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಲಾರಿ ಹತ್ತಿ ಬಂದರಿಗೆ ಹೋಗುತ್ತದೆ. ಎರಡು ಪೆಟ್ಟಿಗೆ ಆಗಲೇ ರೈಲ್ವೆ ಸ್ಟೇಷನ್ನಿನ ಎದುರಿನ ದೊಡ್ಡ ಚಹಾ ಮನೆಗೆ ಹೋಗಿಯಾಗಿದೆ.

ಶನಿವಾರವಿಡೀ ಅವಳು ತಾತನಿಗೆ ಫೋನ್ ಮಾಡಲು ಹೊರಟು ಮತ್ತೆ ಫೋನು ಕೆಳಗಿಟ್ಟಳು. ಹದಿನೇಳನ್ನು ಇನ್ನೊಮ್ಮೆ ನೋಡಿ ಎಂದರೆ, ನೀನು ನೋಡಿದ್ದೀಯಲ್ಲ ಎಂದು ಕೇಳುತ್ತಾರೆ. ಅಲ್ಲಿಂದ ಮುಂದೆ ಏನು ಹೇಳಬೇಕೋ ಅದನ್ನು ಹೇಳಲು ಬಾಯಿ ಏಳಲಿಲ್ಲ. ಮೂಗಿಲ್ಲದ ರುಚಿಗಾರಳನ್ನು ಇಟ್ಟುಕೊಂಡು ಯಾವ ಕಂಪನಿಯೂ ಪೂಜೆ ಮಾಡುವುದಿಲ್ಲ. ಈ ಕೆಲಸ ಬಿಟ್ಟರೆ ಅವಳಿಗೆ ಬೇರೆ ಗೊತ್ತಿರಲಿಲ್ಲ, ಬೇರೆ ಬೇಕಾಗಿಯೂ ಇರಲಿಲ್ಲ. ಕೊನೆಗೆ ಅವಳಿಗೆ ಹೊಳೆದದ್ದು ಚೂಟಿ.

ಚೂಟಿಗೆ ಏಳು ವರ್ಷ. ಅಮ್ಮನ ಮೂಗು ಮಗಳಿಗೂ ಬಂದಿತ್ತು. ರಜೆಯ ದಿನಗಳಲ್ಲಿ ತಾಯಿ ಮಗಳು ಅಡುಗೆಮನೆಯಲ್ಲಿ ಮೂರು ಬಟ್ಟಲಿಟ್ಟುಕೊಂಡು ಸುರ್ ಆಟ ಆಡುತ್ತಿದ್ದರು. ಯಾವುದು ನಿನ್ನೆಯದು, ಯಾವುದರಲ್ಲಿ ಏಲಕ್ಕಿ ಡಬ್ಬದ ವಾಸನೆ ಸೇರಿದೆ ಎಂದು ಚೂಟಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಆಟದ ನಿಯಮಗಳು ಅವಳಿಗೆ ಮಗ್ಗಿಯ ಹಾಗೆ ಬಾಯಿಪಾಠ. ಮೊದಲು ಖಾಲಿ ಬಟ್ಟಲು ಮೂಸಬೇಕು. ಆಮೇಲೆ ಎಲೆ. ಆಮೇಲೆ ಸುರ್.

ಅಲ್ಲದೆ ಎಂಟು ತಿಂಗಳಿಂದ ಒಂದು ಮಾತು ಬಾಕಿ ಇತ್ತು. ಶಾಲೆಯ ಬಸ್ಸು ಆ ಚಹಾ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಕಿಟಕಿಯೊಳಗೆ ಮೂರಂತಸ್ತಿನ ತಟ್ಟೆ ಇಟ್ಟುಕೊಂಡು ತಿನ್ನುವವರನ್ನು ಚೂಟಿ ದಿನಾ ನೋಡುತ್ತಿದ್ದಳು. ಒಂದು ದಿನ ಕರ್ಕೊಂಡು ಹೋಗ್ತೀನಿ ಎಂದು ಅಮ್ಮ ಹೇಳಿದ್ದಳು, ಅಮ್ಮಂದಿರು ಹೇಳುವ ಹಾಗೆ. ಭಾನುವಾರ ಇದ್ದಕ್ಕಿದ್ದಂತೆ ಇವತ್ತೇ ಹೋಗೋಣ ಎಂದಾಗ ಚೂಟಿ ನೀಲಿ ಫ್ರಾಕಿನ ಒಂದು ತೋಳಿಗೆ ತಲೆ ತೂರಿಸಿ ಅದರಲ್ಲೇ ಕುಣಿದಳು. ನೋಡಿ ಅಮ್ಮನಿಗೆ ನಾಚಿಕೆಯಾಯಿತು. ಮಗುವಿಗೆ ತಿಂಡಿ ಕೊಡಿಸುವ ನೆಪದಲ್ಲಿ ಅದರ ಮೂಗನ್ನು ಕೆಲಸಕ್ಕೆ ಹಚ್ಚುತ್ತಿದ್ದೇನಲ್ಲ ಎನ್ನಿಸಿತು. ಆದರೂ ಹೊರಟಳು.

ಬಸ್ಸಿನಲ್ಲಿ ಒಂದು ಕ್ಷಣ ಡೀಸೆಲ್ಲಿನಂಥದ್ದೇನೋ ಮೂಗಿಗೆ ತಾಗಿದಂತಾಗಿ ಅವಳು ಬೆಚ್ಚಿದಳು. ಮತ್ತೆ ಎಳೆದುಕೊಂಡರೆ ಏನೂ ಇಲ್ಲ. ಮೂರು ವಾರದಲ್ಲಿ ಇಂಥ ಭ್ರಮೆಗಳು ಆಗಾಗ ಬಂದುಹೋಗಿದ್ದವು, ಅವಳು ನಂಬುವುದನ್ನು ಬಿಟ್ಟಿದ್ದಳು.

ಚಹಾ ಮನೆಯ ಸೂರು ಎತ್ತರವಾಗಿತ್ತು, ಮಾತು ತಗ್ಗಿದ ದನಿಯಲ್ಲಿತ್ತು. ಮೇಜಿನ ಬಿಳಿ ಬಟ್ಟೆ ಮೊಣಕಾಲಿನವರೆಗೆ ಇಳಿಬಿದ್ದಿತ್ತು. ಇಬ್ಬರೇ ಬಂದರೂ ನಾಲ್ಕು ಜನರ ಮೇಜು ಸಿಕ್ಕಿತು, ನಾಲ್ಕು ಕಪ್ಪುಗಳು ಸಾಸರಿನ ಮೇಲೆ ಬೋರಲು ಮಲಗಿದ್ದವು. ಕುರ್ಚಿ ಏರಿ ಕೂತ ಚೂಟಿಯ ಕಾಲು ನೆಲಕ್ಕೆ ಎಟುಕಲಿಲ್ಲ. ನರೆತ ಮೀಸೆಯ ವೇಯ್ಟರ್ ಬಂದು ಬಗ್ಗಿ, ಮೇಡಮ್ಮಿಗಿಂತ ಮೊದಲು ಚೂಟಿಯನ್ನು ಏನು ಬೇಕೆಂದು ಕೇಳಿದರು. ಚೂಟಿ ಮಾತಾಡದೆ ಪಕ್ಕದ ಮೇಜಿನ ಮೂರಂತಸ್ತಿನ ಕಡೆ ಬೆರಳು ತೋರಿಸಿದಳು. ಚಹಾ ಯಾವುದು ಎಂದು ಅಮ್ಮ ಆದಷ್ಟು ಸಲೀಸಾಗಿ ವಿಚಾರಿಸಿದಳು. ಹೊಸ ಪೆಟ್ಟಿಗೆ ಬಂದಿದೆ, ಇವತ್ತು ಬೆಳಿಗ್ಗೆ ತಾನೇ ಒಡೆದದ್ದು ಎಂದರು ಅವರು, ಒಳ್ಳೆಯ ಸುದ್ದಿ ಹೇಳುವ ದನಿಯಲ್ಲಿ. ಅವಳ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಯಿತು.

ತಟ್ಟೆ ಬಂತು, ಜೊತೆಗೆ ಚಹಾ ತುಂಬಿದ ಟೀಪಾಟೂ ಬಂತು. ಕೆಳಗಿನ ಅಂತಸ್ತಿನಲ್ಲಿ ಮೂರು ಮೂಲೆಯಾಗಿ ಕತ್ತರಿಸಿದ ಬ್ರೆಡ್ಡು, ನಡುವೆ ಬಿಸ್ಕತ್ತು, ಮೇಲೆ ಬೆರಳುದ್ದದ ಕೇಕುಗಳು. ಎಂಟು ತಿಂಗಳು ಗಾಜಿನಾಚೆಯಿಂದ ನೋಡಿದ್ದು ಮೂಗಿನ ಮುಂದೆಯೇ ಬಂದು ನಿಂತಾಗ ಚೂಟಿ ಒಂದು ನಿಮಿಷ ಯಾವುದನ್ನೂ ಮುಟ್ಟಲಿಲ್ಲ. ಆಮೇಲೆ ಮುಟ್ಟಿದಳು, ಮತ್ತೆ ನಿಲ್ಲಿಸಲಿಲ್ಲ. ಎರಡು ಕೇಕು ಮುಗಿಯುವ ತನಕ ಅಮ್ಮ ತಾಳಿಕೊಂಡಳು. ಅದಕ್ಕಿಂತ ಹೆಚ್ಚು ತಾಳಲಾಗಲಿಲ್ಲ. ಎರಡು ಕಪ್ ತಿರುಗಿಸಿ, ಹಾಲು ಹಾಕದ ಚಹಾವನ್ನು ಮಗಳ ಕಪ್ಪಿಗೆ ಒಂದು ಗುಟುಕು ಬಗ್ಗಿಸಿ, ತನ್ನದಕ್ಕೂ ಬಗ್ಗಿಸಿಕೊಂಡಳು.

“ಒಂದೇ ಒಂದು ಸಲ ಸುರ್ ಆಟ ಆಡೋಣ್ವಾ?”

ಚೂಟಿ ಅಮ್ಮನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಬೆರಳಿನ ಕ್ರೀಮು ನೆಕ್ಕಿ, ಚಮಚ ಎತ್ತಿ, ಮನೆಯಲ್ಲಿ ಕಲಿತ ಹಾಗೆ ಚಾಚೂ ತಪ್ಪದೆ ಎಳೆದಳು. ಇಡೀ ಚಹಾ ಮನೆ ತಿರುಗಿ ನೋಡಿತು. ಪಕ್ಕದ ಮೇಜಿನ ಹೆಂಗಸಿನ ಬಿಸ್ಕತ್ತು ಅರ್ಧ ಹಾದಿಯಲ್ಲಿ ನಿಂತಿತು. ಉಗುಳಲು ಜಾಗ ಹುಡುಕುತ್ತ ಚೂಟಿಯ ಕಣ್ಣು ಹೂದಾನಿಯ ಮೇಲೆ ಹೋಯಿತು. ಅಮ್ಮ ಬೇಡವೆಂದು ತಲೆಯಾಡಿಸಿದಳು, ಚೂಟಿ ಬೇರೆ ದಾರಿಯಿಲ್ಲದೆ ನುಂಗಿದಳು.

“ಸೋಪು,” ಎಂದಳು.

ಅಮ್ಮ ಮೇಜಿನ ಮೇಲೆ ಮುಂದಕ್ಕೆ ಬಗ್ಗಿದಳು.

“ಸೋಪಿನ ವಾಸನೆ. ಪಕ್ಕದ ಮನೆ ಆಂಟಿ ಕೈ ಥರ.”

ಅಲ್ಲಿಗೆ ಮುಗಿಯಿತು. ಅವಳು ತನ್ನ ಕಪ್ಪೆತ್ತಿ ಮೂಗಿಗೆ ಹಿಡಿದಳು. ಬಿಸಿ ತಾಗಿತು, ಬೇರೇನೂ ತಾಗಲಿಲ್ಲ. ಇನ್ನೂರು ಪೆಟ್ಟಿಗೆ ಸೋಪಿನ ನೀರು ತನ್ನ ಸಹಿ ಹೊತ್ತು ಹಡಗು ಹತ್ತುವುದು, ಅಲ್ಲಿಂದ ಹಾಗೇ ವಾಪಸು ಬರುವುದು, ತಾತನ ಹುಬ್ಬು, ಆ ಹುಬ್ಬಿನ ಕೆಳಗಿನ ಕಣ್ಣು, ಎಲ್ಲ ಒಟ್ಟಿಗೆ ಕಂಡಿತು. ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟು, ಕೇಕ್ ಚೆನ್ನಾಗಿದೆಯಾ ಎಂದು ಕೇಳಿದಳು.

ಚೂಟಿ ಕೈಲಿದ್ದ ಚಮಚ ಕೆಳಗಿಟ್ಟಳು. “ಅಮ್ಮಾ, ನಿಂಗೆ ವಾಸನೆ ಬರ್ತಿಲ್ಲ ಅಲ್ವಾ?”

“ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳ್ಲಿಲ್ಲ. ನನ್ ಸಾಕ್ಸಿಂದ ಗೊತ್ತಾಯ್ತು.”

ಮಗಳು ಹೇಳುತ್ತ ಹೋದಳು, ತಾಯಿ ಕೇಳುತ್ತ ಕೂತಳು. ಸಂಜೆ ಶಾಲೆಯಿಂದ ಬಂದ ಕೂಡಲೇ ಚೂಟಿ ಬಾಗಿಲಲ್ಲಿ ನಿಲ್ಲಬೇಕು, ಅಮ್ಮ ಅಡುಗೆಮನೆಯಿಂದಲೇ ಮೂಗು ಅರಳಿಸಿ, ಇವತ್ತು ಯಾರದೋ ಕಿತ್ತಳೆ ಹಣ್ಣು ತಿಂದಿದ್ದೀಯ, ಬಣ್ಣದ ಕ್ಲಾಸಿತ್ತು, ನಾಯಿ ಮುಟ್ಟಿ ಕೈ ತೊಳೆದಿಲ್ಲ ಎಂದು ಒಂದೊಂದೇ ಹೇಳಬೇಕು. ಚೂಟಿಗೆ ಬುದ್ಧಿ ಬಂದಾಗಿನಿಂದ ಇದು ನಡೆದುಬಂದದ್ದು. ಮೂರು ವಾರದಿಂದ ಅದು ನಿಂತುಹೋಗಿತ್ತು. ಬಾಗಿಲಲ್ಲಿ ನಿಂತರೆ ಅಮ್ಮ ತಿರುಗಿಯೂ ನೋಡದೆ ಕೈಕಾಲು ತೊಳ್ಕೋ ಎನ್ನುತ್ತಿದ್ದಳು. ಅದೇ ದಿನಗಳಲ್ಲಿ ಚೂಟಿ ಮನೆಯ ಹೂವಿನ ಚಿತ್ರದ ಟೀಪಾಟಿನ ಮೂತಿ ಮುರಿದು, ಅಂಟಿಸಿ, ಹಿಂದು ಮುಂದಾಗಿ ತಿರುಗಿಸಿ ಇಟ್ಟಿದ್ದಳು. ಅಮ್ಮನಿಗೆ ಅದು ಗೊತ್ತಾಗಿ ಹೋಗಿದೆ, ಗೊತ್ತಾಗಿಯೂ ಬೈಯದೆ ಮಾತು ಬಿಟ್ಟಿದ್ದಾಳೆ ಎಂದು ಅವಳು ತಿಳಿದುಕೊಂಡಿದ್ದಳು.

“ನೀನು ನನ್ನ ಮೂಸೋದೇ ಬಿಟ್ಬಿಟ್ಟೆ,” ಎಂದಳು ಚೂಟಿ. “ನಾನು ಬೇಡ್ವೇನೋ ಅಂದ್ಕೊಂಡೆ.”

ಹಾಗಾದರೆ ಪರೀಕ್ಷೆ ಮಾಡಿ ನೋಡೋಣ ಎಂದು ಸೋಮವಾರ ಹಾಕಿದ ಕಾಲುಚೀಲವನ್ನು ಮಂಗಳವಾರ ಬದಲಾಯಿಸಲಿಲ್ಲ. ಮೊದಲಾಗಿದ್ದರೆ ಬೀದಿ ತಿರುವಿನಲ್ಲೇ ಅಮ್ಮನಿಗೆ ಗೊತ್ತಾಗುತ್ತಿತ್ತು. ಬುಧವಾರವೂ ಅದೇ. ಗುರುವಾರ ಕ್ಲಾಸಿನಲ್ಲಿ ಟೀಚರ್ ಕಿಟಕಿ ತೆಗೆಸಿದರು. ಶುಕ್ರವಾರ ಸಂಜೆ ಚೂಟಿ ಎರಡೂ ಕಾಲನ್ನು ಅಮ್ಮನ ತೊಡೆಯ ಮೇಲೆ ಚಾಚಿ ಕೂತಿದ್ದಳು. ಗೋದಾಮಿನ ಸುದ್ದಿಯನ್ನು ತಲೆಯಲ್ಲಿ ತುಂಬಿಕೊಂಡಿದ್ದ ಅಮ್ಮ ಆ ಪಾದಗಳನ್ನು ಸವರುತ್ತಲೇ ಇದ್ದಳು.

“ಆವಾಗ ಗೊತ್ತಾಯ್ತು. ಕೋಪ ಅಲ್ಲ, ಮೂಗು ಕೆಟ್ಟಿದೆ ಅಂತ.”

“ಗೊತ್ತಾಗಿ?”

“ಸಮಾಧಾನ ಆಯ್ತು,” ಎಂದು ಚೂಟಿ ಬಿಸ್ಕತ್ತು ತೆಗೆದುಕೊಂಡಳು.

ಚೂಟಿಯ ಅಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಪ್ಪತ್ತೆರಡು ದಿನ ಅವಳು ತನ್ನ ಮೂಗಿನ ಚಿಂತೆಯಲ್ಲಿ ಮುಳುಗಿದ್ದಳು. ಅಷ್ಟೂ ದಿನ ಮನೆಯೊಳಗೆ ಒಂದು ಮಗು ತಾನು ಅಮ್ಮನಿಗೆ ಬೇಡವಾದೆನೇನೋ ಎಂದು ಬಾಗಿಲಲ್ಲಿ ನಿಂತು ಕಾದಿತ್ತು. ಕಂಪನಿ ಹಾಳಾಗಲಿ, ಲಾರಿ ಹಾಳಾಗಲಿ, ಇದೊಂದು ಗೊತ್ತಾಗದೆ ಹೋಗಿದ್ದರೆ ಏನು ಗತಿ ಎಂದುಕೊಂಡಳು. ಮೇಜಿನ ಮೇಲೆ ಕೈ ಚಾಚಿ ಮಗಳ ಕ್ರೀಮು ಮೆತ್ತಿದ ಕೈ ಹಿಡಿದುಕೊಂಡು, ಹೌದು, ನೆಗಡಿಯಾದಾಗಿನಿಂದ ವಾಸನೆ ಬರುತ್ತಿಲ್ಲ, ಹೆದರಿ ಯಾರಿಗೂ ಹೇಳಿರಲಿಲ್ಲ, ನಿನಗೂ ಹೇಳದಿದ್ದದ್ದು ತಪ್ಪಾಯಿತು ಎಂದಳು. ಇಷ್ಟು ಹೇಳಿದ್ದಕ್ಕೇ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಟೀಪಾಟಿನ ಮೂತಿ ಹೋದರೆ ಹೋಗಲಿ ಎಂದೂ ಹೇಳಿದಳು.

“ಸಾಕ್ಸ್ ಇವತ್ತೂ ಅದೇನೇ,” ಎಂದು ಚೂಟಿ ಹೆಮ್ಮೆಯಿಂದ ಮೇಜಿನ ಕೆಳಗೆ ಒಂದು ಶೂ ಕಳಚಿದಳು. ಶೂ ದೊಪ್ಪನೆ ಬಿತ್ತು.

ದಾರಿಯಲ್ಲಿ ಬಿದ್ದರೆ ವೇಯ್ಟರ್ ಎಡವಿಯಾರು ಎಂದು ಚೂಟಿಯ ಅಮ್ಮ ಕುರ್ಚಿಯಿಂದಿಳಿದು, ಮೇಜಿನ ಬಟ್ಟೆ ಎತ್ತಿ ತಲೆ ಒಳಗೆ ಹಾಕಿದಳು. ಶೂ ಕೈಗೆ ಸಿಕ್ಕಿತು. ಅವಳು ಅಲ್ಲೇ ಉಳಿದುಬಿಟ್ಟಳು, ಮೊಣಕಾಲೂರಿಕೊಂಡು.

ನಾತ. ಒದ್ದೆ ಗೋಣಿಚೀಲ, ಹುಳಿ ಹಿಡಿದ ಹಾಲು, ಹಳೇ ರಬ್ಬರು, ಎಲ್ಲ ಸೇರಿ ಏಳು ದಿನ ಮುಚ್ಚಿಟ್ಟಂಥ ನಾತ. ಭ್ರಮೆಯಿರಬೇಕೆಂದು ಉಸಿರು ಬಿಟ್ಟು ಮತ್ತೆ ಎಳೆದುಕೊಂಡಳು. ನಾತ ಅಲ್ಲೇ ಇತ್ತು. ಮೂರನೇ ಸಲ ಎಳೆದುಕೊಂಡಳು. ಕಣ್ಣಲ್ಲಿ ನೀರು ಬಂತು, ಅರ್ಧ ನಾತಕ್ಕೆ, ಅರ್ಧ ಖುಷಿಗೆ. ಜಗತ್ತಿನ ಉತ್ತಮ ಚಹಾಗಳನ್ನೆಲ್ಲ ಮೂಸಿದ್ದ ಹೆಂಗಸು ಮಗಳ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳ ಹತ್ತಿರ ಮೂಗಿಟ್ಟುಕೊಂಡು ಕೂತಳು. ಕಚಗುಳಿಯಾಗಿ ಚೂಟಿ ಮೇಲೆ ಕಿಸಿಕಿಸಿ ನಗುತ್ತಿದ್ದಳು.

ಹೊರಗೆ ಕರಿ ಬೂಟುಗಳೆರಡು ಬಂದು ನಿಂತವು. “ಏನಾದ್ರೂ ಕಳ್ಕೊಂಡ್ರಾ ಮೇಡಂ?” ಎಂದು ಮೀಸೆಯ ವೇಯ್ಟರ್ ಕೇಳಿದರು.

“ಸಿಕ್ತು,” ಎಂದಳು ಅವಳು ಒಳಗಿನಿಂದ.

ಮೇಲೆದ್ದವಳು ಉಸಿರು ತಿರುಗಿಸಿಕೊಳ್ಳುವ ಮೊದಲೇ ತನ್ನ ಕಪ್ಪಿಗೆ ಮೂಗಿಟ್ಟಳು. ಬಹಳ ದೂರದಿಂದ, ನಾಲ್ಕು ಮನೆಯಾಚೆ ಯಾರೋ ಬಟ್ಟೆ ಒಗೆದ ಹಾಗೆ, ಸೋಪು ಬಂತು. ಮಗಳು ಹೇಳಿದ್ದು ನಿಜ. ಬಂದ ಸಂತೋಷ ಬಂದ ದಾರಿಯಲ್ಲೇ ವಾಪಸು ಹೊರಟಿತು. ಮೂಗು ವಾಪಸು ಬಂದದ್ದು ತನ್ನ ತಪ್ಪನ್ನು ತನಗೇ ತೋರಿಸಲಿಕ್ಕೆ ಎಂದುಕೊಂಡು ಅವಳು ಕಪ್ಪನ್ನು ದೂರ ಸರಿಸಿದಳು.

“ಅಮ್ಮಾ,” ಎಂದಳು ಚೂಟಿ. “ನಾವು ಖಾಲಿ ಕಪ್ ಮೂಸ್ಲೇ ಇಲ್ಲ.”

ಹದಿನಾಲ್ಕು ವರ್ಷದ ಅನುಭವ ಏಳು ವರ್ಷದ ಮಗುವಿನ ಮುಂದೆ ಪೆಚ್ಚಾಗಿ ಕೂತಿತು. ಕೆಲಸಕ್ಕೆ ಸೇರಿದ ಮೊದಲ ದಿನ ತಾತ ಕಲಿಸಿದ ಮೊದಲ ಪಾಠ ಅದು. ಹೆದರಿಕೆಯಲ್ಲಿ ಅವಳು ಅದನ್ನೇ ಮರೆತುಬಿಟ್ಟಿದ್ದಳು. ಮೇಜಿನ ಮೇಲೆ ಇನ್ನೂ ಎರಡು ಕಪ್ಪುಗಳು, ಯಾರೂ ಮುಟ್ಟದೆ, ಬೋರಲಾಗಿಯೇ ಇದ್ದವು. ತಾಯಿ ಒಂದನ್ನೆತ್ತಿಕೊಂಡಳು, ಮಗಳು ಒಂದನ್ನು. ಇಬ್ಬರೂ ಒಳಗೆ ಮೂಗಿಟ್ಟರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಆಂಟಿ ಕೈ,” ಎಂದಳು ಚೂಟಿ.

ಟೀಪಾಟಿನ ಮುಚ್ಚಳ ತೆಗೆದು ಮೂಸಿದರು. ಚೂಟಿ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, ಇದರಲ್ಲಿ ಸೋಪಿಲ್ಲ ಎಂದು ತೀರ್ಪು ಕೊಟ್ಟಳು. ಚೂಟಿಯ ಅಮ್ಮ ವೇಯ್ಟರನ್ನು ಕರೆದು, ಗಾಜಿನ ಲೋಟವೊಂದನ್ನು ಕುದಿಯುವ ನೀರಲ್ಲಿ ಮೂರು ಸಲ ತೊಳೆದು ತಂದುಕೊಡುವಿರಾ ಎಂದು ಕೇಳಿದಳು. ಅವರು ಖಾಲಿ ಕಪ್ಪೊಂದನ್ನು ತಾವೇ ಮೂಸಿ ನೋಡಿ ಮೀಸೆಯಡಿಯಲ್ಲಿ ಕೆಂಪಾದರು. ನಿನ್ನೆಯಿಂದ ಪಾತ್ರೆ ತೊಳೆಯಲು ಹೊಸ ಪುಡಿ ತರಿಸಿದ್ದಾರಂತೆ, ಎಷ್ಟು ತೊಳೆದರೂ ಹೋಗುವುದಿಲ್ಲವಂತೆ. ಲೋಟವನ್ನು ಅವರೇ ತೊಳೆದು, ಬಟ್ಟೆಯಲ್ಲಿ ಹಿಡಿದು ತಂದರು.

ಅವಳು ಪಾಟಿನಿಂದ ಚಹಾ ಬಗ್ಗಿಸಿ, ಚಮಚದಲ್ಲೆತ್ತಿ, ಹದಿನಾಲ್ಕು ವರ್ಷದ ಕಸುಬಿನ ಪೂರ್ತಿ ಗತ್ತಿನಲ್ಲಿ ಸುರ್ರೆಂದಳು. ಮಗಳದು ಅದರ ಮುಂದೆ ಏನೂ ಅಲ್ಲ. ಪಕ್ಕದ ಮೇಜಿನ ಹೆಂಗಸು ಈ ಸಲ ಬಿಸ್ಕತ್ತನ್ನು ತಟ್ಟೆಗೇ ಇಟ್ಟುಬಿಟ್ಟಳು. ಬಾಯಲ್ಲಿ ಚಹಾ ಆಡಿತು. ತೆರೆಯ ಹಿಂದಿನ ಮಾತಿನಂತೆ ಮಸುಕಾಗಿ, ತಡೆತಡೆದು, ಆದರೂ ಚಹಾವೇ ಬಂತು: ಒಣಗಿದ ಎಲೆ, ಸ್ವಲ್ಪ ಜೇನು. ಸೋಪಿರಲಿಲ್ಲ. ಹೋದ ಜೀವ ಬಂದಂತಾಯಿತು. ಉಳಿದಿದ್ದ ಬ್ರೆಡ್ಡನ್ನು ಅವಳು ಒಂದೇ ಬಾಯಿಗೆ ಹಾಕಿಕೊಂಡಳು. ಮಧ್ಯಾಹ್ನದಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು.

ಈಗ ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಲಾಟು ಚೆನ್ನಾಗಿದೆ, ಮೂಗು ಬರುತ್ತಿದೆ, ನಾಳೆ ಲಾರಿ ಹೋಗುತ್ತದೆ. ಅವಳು ಐದು ನಿಮಿಷ ಹಾಗೇ ಯೋಚಿಸಿದಳು ಎಂಬುದನ್ನು ಮುಚ್ಚಿಡುವುದೇಕೆ. ಆದರೆ ಒಂದು ಮೂಗಿಗೆ ಏಳು ವರ್ಷ, ಇನ್ನೊಂದು ಹುಟ್ಟಿ ಇನ್ನೂ ಕಾಲು ಗಂಟೆ. ಅಂಥ ಎರಡು ಮೂಗು ನಂಬಿ ಇನ್ನೂರು ಪೆಟ್ಟಿಗೆ ಕಳಿಸಲಾಗದು. ಅಲ್ಲದೆ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತದೆ ಎಂಬುದನ್ನು ಈಗಷ್ಟೇ ಎದುರಿಗೆ ಕೂತು ಕೇಳಿದ್ದಳು. ಚೂಟಿ ಕೊನೆಯ ಕೇಕು ತಿನ್ನುತ್ತಿರುವಾಗ ಅವಳು ತಾತನಿಗೆ ಫೋನ್ ಹಚ್ಚಿ, ನೆಗಡಿಯಿಂದ ಸೋಪಿನವರೆಗೆ ಒಂದೇ ಉಸಿರಿಗೆ ಹೇಳಿದಳು. ಗೋದಾಮಿನವನ ಬೆನ್ನುನೋವನ್ನೂ ಸೇರಿಸಿ, ಅವನನ್ನು ಬೈಯಬೇಡಿ ಎಂದಳು.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಾತ ಬೈದರು, ಮೂರು ವಾರದ್ದನ್ನು ಸೇರಿಸಿ ಬೈದರು. ನಾಳೆ ಏಳು ಗಂಟೆಗೆ ತಾವೇ ಬಂದು ಹದಿನೇಳನ್ನೂ, ಅವಳು ಸಹಿ ಹಾಕಿದ ಉಳಿದದ್ದನ್ನೂ ನೋಡುವುದಾಗಿಯೂ, ತಾವು ಹೇಳುವವರೆಗೆ ಅವಳು ಪಕ್ಕದಲ್ಲಿ ಕೂರಬೇಕು, ಸಹಿ ಹಾಕಕೂಡದೆಂದೂ ಹೇಳಿದರು. ಕೆಲಸ ಹೋಯಿತೆಂದು ಅವರು ಹೇಳಲಿಲ್ಲ. ಅವಳು ಅದೊಂದನ್ನೇ ಕಾಯುತ್ತಿದ್ದಳು, ಅದು ಬರಲೇ ಇಲ್ಲ.

“ಮೊದಲು ಏನು ವಾಸನೆ ಬಂತು?” ಎಂದರು ತಾತ, ಬೇರೆಯದೇ ದನಿಯಲ್ಲಿ.

“ಮಗಳ ಸಾಕ್ಸು. ಸೋಮವಾರದಿಂದ ಹಾಕಿದ್ದು.”

“ನಂಗೆ ಸೀಮೆಎಣ್ಣೆ. ಆಗ ನಂಗೆ ನಿನ್ನಷ್ಟೇ ವಯಸ್ಸು. ಎರಡು ತಿಂಗಳು ಯಾರಿಗೂ ಹೇಳಿರ್ಲಿಲ್ಲ.” ಆಮೇಲೆ ಮತ್ತೆ ಕೆಲಸದ ದನಿ ಬಂತು. “ಆ ಸಾಕ್ಸ್ ಒಗೀಬೇಡ. ಡಬ್ಬದಲ್ಲಿ ಹಾಕಿಡು. ಬೆಳಿಗ್ಗೆ ಎದ್ದ ತಕ್ಷಣ ಮೊದ್ಲು ಅದನ್ನ ಮೂಸು. ಮೂಗಿಗೆ ದಾರಿ ಮರೆಯಲ್ಲ.”

ಹೀಗಾಗಿ ಚೂಟಿ ಮನೆಗೆ ಹೋಗುವಾಗ ಬರಿಗಾಲಿಗೇ ಶೂ ಹಾಕಿಕೊಂಡಳು. ಕಾಲುಚೀಲಗಳು ಚಹಾ ಮನೆಯವರು ಕೇಕು ಕಟ್ಟಿಕೊಡುವ ಕಾಗದದ ಪೊಟ್ಟಣದಲ್ಲಿ ಬಂದವು. ಬಾಗಿಲವರೆಗೆ ಬಂದು ಬೀಳ್ಕೊಟ್ಟ ಮೀಸೆಯ ವೇಯ್ಟರ್ ಅದನ್ನು ಉಳಿದ ತಿಂಡಿಯೆಂದೇ ತಿಳಿದು, ಬೇಗ ತಿಂದುಬಿಡಿ, ನಾಳೆಗೆ ಕೆಡುತ್ತದೆ ಎಂದರು.

ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ತಾತ ಹದಿನೇಳನೇ ಲಾಟಿನ ಬಟ್ಟಲ ಮುಂದೆ ಸುರ್ರೆಂದರು, ಉಗುಳಿದರು. ಹುಬ್ಬು ಮೇಲೇಳಲಿಲ್ಲ. ಪೆಟ್ಟಿಗೆಯೊಳಗಿನ ತಗಡಿನ ಹಾಳೆ ಸೋಪಿನ ವಾಸನೆಯನ್ನು ಒಳಗೆ ಬಿಟ್ಟಿರಲಿಲ್ಲ. ಉಳಿದ ಲಾಟುಗಳಲ್ಲಿ ಒಂದೇ ಒಂದನ್ನು ಒಂದು ದರ್ಜೆ ಇಳಿಸಿದರು. ಹತ್ತಕ್ಕೆ ಲಾರಿ ಹೊರಟಿತು. ಅವಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಮೂಸಿದಳು. ಎಪ್ಪತ್ತು ಬಟ್ಟಲಲ್ಲಿ ಒಂಬತ್ತು ಮಾತ್ರ ಅವಳೊಡನೆ ಮಾತಾಡಿದವು. ನಿನ್ನೆಗೆ ಹೋಲಿಸಿದರೆ ಒಂಬತ್ತು ಬಹಳವೇ ಆಯಿತು.

ಸಂಜೆ ಚೂಟಿ ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತಳು. ಚೀಲವನ್ನೂ ಇಳಿಸಲಿಲ್ಲ, ಒಳಗೂ ಬರಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಕೈಲಿದ್ದ ಕೆಲಸ ಬಿಟ್ಟು ತಿರುಗಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡಳು.

“ಪೆನ್ಸಿಲ್ ಕೆತ್ತಿದ್ದೀಯ,” ಎಂದಳು.

ಚೂಟಿ ಕಾದಳು.

“ಕಿತ್ತಳೆ... ಇಲ್ಲ, ನಿಂಬೆಹಣ್ಣು.”

“ಕಿತ್ತಳೇನೇ,” ಎಂದಳು ಚೂಟಿ. “ಇನ್ನೊಂದು?”

ಅಮ್ಮ ಮತ್ತೆ ಉಸಿರೆಳೆದುಕೊಂಡಳು. ಈ ಸಲ ಬಹಳ ಹೊತ್ತು ಹಿಡಿಯಿತು. ಮುಚ್ಚಿದ ಕಣ್ಣಿನ ರೆಪ್ಪೆ ಒದ್ದೆಯಾಯಿತು.

“ಹೊಸ ಸಾಕ್ಸು,” ಎಂದಳು.

ಚೂಟಿ ಚೀಲ ಅಲ್ಲೇ ಬಿಸಾಡಿ ಒಳಗೆ ಓಡಿಬಂದಳು.